ಯಂತ್ರದ ತಾಳ, ಮನುಷ್ಯನ ಪದ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ರಾವೂರ)

ಕಾಲೇಜಿನ ವಾರ್ಷಿಕ ಸ್ನೇಹಸಮ್ಮೇಲನವು ಸಮೀಪಿಸಿತೆಂದರೆ ನಮ್ಮಲ್ಲಿ ಒಂದು ವಾದವು ತಪ್ಪದೆ ಹುಟ್ಟಿಕೊಳ್ಳುತ್ತದೆ. ರಂಗದ ಮೇಲೆ ಎಂತಹ ಹಾಡುಗಳಿರಬೇಕು? ವಚನಗಾಯನ, ಭಾವಗೀತೆ, ಜಾನಪದ ಗೀತೆಗಳಿಗೆ ಯಾರ ಅಡ್ಡಿಯೂ ಇಲ್ಲ. ಆದರೆ ವಿದ್ಯಾರ್ಥಿಗಳಲ್ಲಿ ಬಹುಮಂದಿ ಬಯಸುವುದು ಬೇರೆ. ಕಂಪ್ಯೂಟರಿನ ತಾಳಕ್ಕೆ ಹೊಂದಿಸಿದ, ಎದೆಗೂಡಿಗೆ ಬಡಿಯುವ, ಕೂತವನ ಕಾಲನ್ನೂ ಕುಣಿಸುವ ಹಾಡು ಅವರಿಗೆ ಬೇಕು. ಊರ ಮಾತಿನಲ್ಲಿ ಹೇಳುವುದಾದರೆ 'ಡಿಜೆ ಹಾಡು'. ಹಿರಿಯರು, "ಇದು ಸಂಗೀತವಲ್ಲ, ಗದ್ದಲ. ಇದು ನಮ್ಮದಲ್ಲ, ಪರದೇಶದ್ದು" ಎನ್ನುತ್ತಾರೆ. ಕಿರಿಯರು, "ಹಳೆಯ ಹಾಡು ಯಾರಿಗೆ ಬೇಕು?" ಎನ್ನುತ್ತಾರೆ. ಒಬ್ಬರ ಮಾತನ್ನೊಬ್ಬರು ಪೂರ್ತಿ ಕೇಳುವ ಮೊದಲೇ ಸಭೆ ಮುಗಿದುಹೋಗುತ್ತದೆ.

ಈ ವಿಷಯದಲ್ಲಿ ನನಗೆ ತೋರಿದುದನ್ನು ವಾಚಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಯಂತ್ರದ ತಾಳವು ಹಾಡಿನ ವೈರಿಯಲ್ಲ. ಆ ತಾಳದ ಮೇಲೆ ನಮ್ಮ ಬಾಳಿನ ಮಾತು ಇಲ್ಲದಿರುವುದೇ ನಿಜವಾದ ಕೊರತೆ. ಹಿರಿಯರು ಯಂತ್ರವನ್ನು ದೂರುವುದರಿಂದಲೂ ಕಿರಿಯರು ಯಂತ್ರಕ್ಕೆ ಮರುಳಾಗುವುದರಿಂದಲೂ ಈ ಕೊರತೆ ತುಂಬಲಾರದು.

ಮೊದಲು 'ಪರದೇಶದ್ದು' ಎಂಬ ಆಕ್ಷೇಪವನ್ನು ನೋಡೋಣ. ನಮ್ಮ ಕಲಬುರಗಿ ಸೀಮೆಯ ಯಾವ ಊರಿನ ಭಜನೆಗೆ ಹೋದರೂ ತಾಳ, ದಮ್ಮಡಿ, ಏಕತಾರಿಗಳ ನಡುವೆ ಹಾರ್ಮೋನಿಯಂ ಕುಳಿತಿರುತ್ತದೆ. ಅದಿಲ್ಲದೆ ಪದ ಎತ್ತುವುದೇ ಇಲ್ಲ ಎನ್ನುವ ಗಾಯಕರೂ ಉಂಟು. ಈ ಹಾರ್ಮೋನಿಯಂ ಎಲ್ಲಿಯದು? 1840ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ರೂಪುಗೊಂಡ ವಾದ್ಯವಿದು. ಕಾಲಿನಿಂದ ತಿದಿಯೊತ್ತುವ ಆ ಪೆಟ್ಟಿಗೆಯು ಕಲಕತ್ತೆಗೆ ಬಂದು, ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವಂತೆ ಮಾರ್ಪಟ್ಟು, ನಾಟಕ ಕಂಪನಿಗಳ ಸಂಗಡ ಊರೂರು ಸುತ್ತಿ ನಮ್ಮದಾಯಿತು. ಅದಕ್ಕೂ ಸುಲಭವಾಗಿ ಮಣೆ ಸಿಕ್ಕಲಿಲ್ಲ. ಅದು ಪರಕೀಯ ವಾದ್ಯ, ನಮ್ಮ ಸಂಗೀತದ ಸೂಕ್ಷ್ಮ ಸ್ವರಗಳನ್ನು ನುಡಿಸಲಾರದು ಎಂಬ ಕಾರಣಕ್ಕಾಗಿ ಆಕಾಶವಾಣಿಯು 1940ರಿಂದ 1971ರ ವರೆಗೆ ಹಾರ್ಮೋನಿಯಂ ವಾದನವನ್ನು ನಿಷೇಧಿಸಿತ್ತು. ನಿಷೇಧ ಹಾಕಿದವರು ಸಂಗೀತ ಬಾರದವರೇನೂ ಅಲ್ಲ. ಆದರೆ ಜನರು ಅಷ್ಟು ದಿನ ಕಾಯಲಿಲ್ಲ. ಗದುಗಿನ ಪುಟ್ಟರಾಜ ಗವಾಯಿಗಳಂಥವರ ಬೆರಳುಗಳಲ್ಲಿ ಅದೇ ಪೆಟ್ಟಿಗೆ ಹೇಗೆ ಹಾಡಿತೆಂಬುದನ್ನು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣದವರ ಪಿಟೀಲೂ ಯುರೋಪಿನಿಂದಲೇ ಬಂದುದು. ಇಂದು ಅದನ್ನು ಬಿಟ್ಟು ಕರ್ನಾಟಕ ಸಂಗೀತದ ಕಚೇರಿಯನ್ನು ಊಹಿಸುವುದೂ ಕಷ್ಟ. ಆದುದರಿಂದ ವಾದ್ಯದ ಜನ್ಮಪತ್ರಿಕೆಯನ್ನು ನೋಡಿ ಹಾಡಿನ ಬೆಲೆ ಕಟ್ಟುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. "ಹಾರ್ಮೋನಿಯಂ ಆದರೂ ಮನುಷ್ಯನ ಕೈಯಿಂದ ನುಡಿಯುತ್ತದೆ. ಕಂಪ್ಯೂಟರ್ ತಾನೇ ಬಾರಿಸುತ್ತದೆ. ಅದರಲ್ಲಿ ಹೃದಯವೆಲ್ಲಿ?" ಎಂದು ನಮ್ಮ ಗುರುಗಳಲ್ಲೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವನ್ನು ನಾನು ದೂರದ ಇಂಗ್ಲೆಂಡಿನಿಂದ ತರಬೇಕಾಗಿದೆ. ಅಲ್ಲಿಯ 'ನ್ಯೂ ಆರ್ಡರ್' ಎಂಬ ಮೇಳದ ಕಥೆಯು ಈ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟಿದೆ.

ಮ್ಯಾಂಚೆಸ್ಟರ್ ಎಂಬ ಹೆಸರನ್ನು ನಾವು ಇತಿಹಾಸದ ಪಾಠದಲ್ಲಿ ಓದಿದ್ದೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಜಗತ್ತಿನ ಹತ್ತಿಗಿರಣಿಗಳ ರಾಜಧಾನಿ. ಅಲ್ಲಿಯ ಗಿರಣಿಬಟ್ಟೆ ನಮ್ಮ ನೇಕಾರರ ಬಾಯಿಗೆ ಮಣ್ಣು ಹಾಕಿತೆಂಬುದೂ ನಮಗೆ ಗೊತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಕಲಬುರಗಿಯಲ್ಲಿ ನಿಜಾಮರ ಕಾಲದ ಮಹಬೂಬ್ ಶಾಹಿ ಗಿರಣಿಯು ಮುಚ್ಚಿ, 'ಎಂ.ಎಸ್.ಕೆ. ಮಿಲ್' ಎಂಬ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿರುವುದನ್ನು ಬಲ್ಲವರಿಗೆ ಅಂತಹ ಊರಿನ ಚಿತ್ರವು ಸುಲಭವಾಗಿ ಕಣ್ಣಮುಂದೆ ಬಂದೀತು. ಮ್ಯಾಂಚೆಸ್ಟರಿಗೆ ಅಂಟಿಕೊಂಡ ಸಾಲ್ಫರ್ಡ್ ಎಂಬಲ್ಲಿ ದುಡಿಯುವ ಜನರ ಮನೆಗಳಲ್ಲಿ ಬೆಳೆದವರು ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಎಂಬ ಸಹಪಾಠಿಗಳು. 1976ರಲ್ಲಿ ಒಂದು ಸಂಗೀತ ಸಭೆಗೆ ಹೋಗಿ ಬಂದ ಇವರು ತಾವೂ ಮೇಳ ಕಟ್ಟಬೇಕೆಂದು ನಿಶ್ಚಯಿಸಿದರು. ಹುಕ್ ತನ್ನ ಮೊದಲ ಗಿಟಾರನ್ನು ಕೊಂಡುದು ತಾಯಿಯಿಂದ ಸಾಲ ಪಡೆದು. ಸಂಗೀತ ಶಾಲೆಯ ಪದವಿ ಇವರಲ್ಲಿ ಯಾರಿಗೂ ಇರಲಿಲ್ಲ. ಡ್ರಮ್ ಬಾರಿಸುವ ಸ್ಟೀಫನ್ ಮಾರಿಸ್, ಹಾಡುವ ಇಯಾನ್ ಕರ್ಟಿಸ್ ಇವರೊಡನೆ ಕೂಡಿ 'ಜಾಯ್ ಡಿವಿಜನ್' ಎಂಬ ಮೇಳವಾಯಿತು.

ಕರ್ಟಿಸ್ ಗಾಢವಾದ ಹಾಡುಗಳನ್ನು ಬರೆದವನು. ಮೂರ್ಛೆರೋಗದಿಂದಲೂ ಮನೋವ್ಯಥೆಯಿಂದಲೂ ಬಳಲುತ್ತಿದ್ದ ಆ ತರುಣನು 1980ರ ಮೇ ತಿಂಗಳಲ್ಲಿ, ಮೇಳವು ಅಮೇರಿಕೆಗೆ ಹೊರಡುವ ಮುನ್ನಾದಿನ, ತನ್ನ ಜೀವವನ್ನು ತಾನೇ ಕಳೆದುಕೊಂಡನು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಉಳಿದ ಮೂವರು ಹಳೆಯ ಹೆಸರನ್ನು ಕೈಬಿಟ್ಟು 'ನ್ಯೂ ಆರ್ಡರ್' ಎಂದು ಹೊಸ ಹೆಸರಿಟ್ಟುಕೊಂಡರು. ಅದೇ ವರ್ಷ ಗಿಲಿಯನ್ ಗಿಲ್ಬರ್ಟ್ ಎಂಬ ತರುಣಿಯು ಅವರನ್ನು ಸೇರಿದಳು. ಸತ್ತವನ ಹಾಗೆ ಹಾಡಲು ಅವರಲ್ಲಿ ಯಾರಿಗೂ ಬಾರದು. ಆಗ ಅವರು ಹಿಡಿದ ದಾರಿಯೇ ನಮ್ಮ ವಿಷಯಕ್ಕೆ ಬೇಕಾದುದು. ಅವರು ಅಮೇರಿಕೆಯ ನ್ಯೂಯಾರ್ಕಿನ ನೃತ್ಯಶಾಲೆಗಳಲ್ಲಿ ಕಪ್ಪು ಜನರು ಕುಣಿಯುತ್ತಿದ್ದ ಹಾಡುಗಳನ್ನು ಕಿವಿಗೊಟ್ಟು ಕೇಳಿದರು. ಜರ್ಮನಿಯ 'ಕ್ರಾಫ್ಟ್‌ವರ್ಕ್' ಮೇಳದ ಯಂತ್ರಸಂಗೀತವನ್ನು ಅಭ್ಯಾಸ ಮಾಡಿದರು. ಸಮ್ನರ್ ಬಿಡಿಭಾಗಗಳನ್ನು ತರಿಸಿ, ತಾನೇ ಬೆಸುಗೆ ಹಾಕಿ ಸಿಂಥಸೈಜರ್ ಜೋಡಿಸಿದವನು. ಕೊಳ್ಳಲು ಹಣವಿಲ್ಲದವನು ಕಟ್ಟಿಕೊಳ್ಳಲು ಕಲಿತನು.

1983ರ ಮಾರ್ಚಿನಲ್ಲಿ ಅವರ 'ಬ್ಲೂ ಮಂಡೇ' ಎಂಬ ಹಾಡು ಹೊರಬಂದಿತು. ಏಳೂವರೆ ನಿಮಿಷದ ಹಾಡು. ತಿರುತಿರುಗಿ ಬರುವ ಪಲ್ಲವಿಯೇ ಇಲ್ಲ. ಆರಂಭದಲ್ಲಿ ಬರೀ ಯಂತ್ರದ ಬಡಿತ. ಬಹಳ ಹೊತ್ತಿನ ಮೇಲೆ ಏರಿಳಿತವಿಲ್ಲದ, ಹೆಚ್ಚುಕಡಿಮೆ ಮಾತಿನಂತಿರುವ ಒಂದು ದನಿ. ಪಂಡಿತರ ಲಕ್ಷಣಗಳಿಗೆಲ್ಲ ವಿರುದ್ಧವಾದ ಈ ಹಾಡು ಬ್ರಿಟನ್ನಿನಲ್ಲಿ 12 ಇಂಚಿನ ಸಿಂಗಲ್ ಧ್ವನಿಮುದ್ರಿಕೆಗಳಲ್ಲೆಲ್ಲ ಅತ್ಯಂತ ಹೆಚ್ಚು ಮಾರಾಟವಾದುದೆಂದು ಹೆಸರಾಯಿತು. ಆ ಮೇಲೆ 1986ರ 'ಬಿಜಾರ್ ಲವ್ ಟ್ರಯಾಂಗಲ್', 1987ರ 'ಟ್ರೂ ಫೇತ್' ಮೊದಲಾದ ಹಾಡುಗಳೂ ಜನಪ್ರಿಯವಾದವು. 1990ರಲ್ಲಿ ಇಂಗ್ಲೆಂಡಿನ ಕಾಲ್ಚೆಂಡಿನ ತಂಡಕ್ಕಾಗಿ ಮಾಡಿದ 'ವರ್ಲ್ಡ್ ಇನ್ ಮೋಷನ್' ಅಲ್ಲಿಯ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇವರ ಸಂಪಾದನೆಯ ಹಣವು ಬಹುಮಟ್ಟಿಗೆ 'ಹಾಸಿಯೆಂಡಾ' ಎಂಬ ನೃತ್ಯಶಾಲೆಗೆ ಸುರಿಯಿತು. ಮ್ಯಾಂಚೆಸ್ಟರಿನಲ್ಲಿ 1982ರಲ್ಲಿ ತೆರೆದ ಆ ಶಾಲೆಯು ಲಾಭ ಕಾಣದೆ 1997ರಲ್ಲಿ ಮುಚ್ಚಿತು. ಆದರೆ ಆ ನಡುವಿನ ವರ್ಷಗಳಲ್ಲಿ, ಗಿರಣಿ ಹೋದ ಊರು ಹಾಡಿನಿಂದ ಮತ್ತೆ ಹೆಸರು ಪಡೆಯಿತು.

ಈಗ 'ಹೃದಯವೆಲ್ಲಿ?' ಎಂಬ ಪ್ರಶ್ನೆಗೆ ಬರುತ್ತೇನೆ. 'ಬ್ಲೂ ಮಂಡೇ' ಹಾಡಿನ ಸ್ವರಗಳನ್ನು ಯಂತ್ರಕ್ಕೆ ಒಂದೊಂದಾಗಿ ತುಂಬಿಸುವ ಕೆಲಸವು ಗಿಲ್ಬರ್ಟಳ ಪಾಲಿಗೆ ಬಂದಿತ್ತು. ಆ ಉದ್ದನೆಯ ಲೆಕ್ಕದಲ್ಲಿ ಆಕೆ ಒಂದು ಸ್ವರವನ್ನು ಬಿಟ್ಟಳು. ಅದರಿಂದ ಸ್ವರಮಾಲೆಯು ತಾಳದಿಂದ ತುಸು ಜರುಗಿ ನಿಂತಿತು. ಹೀಗಾಯಿತೆಂದು ಆಕೆಯೇ ಮುಂದೆ ಹೇಳಿದ್ದಾಳೆ. ಯಂತ್ರದ ಹಾಡೆಂದು ಜರಿಯುವ ಆ ಹಾಡಿನ ಸೊಗಸು ಒಂದು ಮನುಷ್ಯಕೈ ತಪ್ಪಿದುದರಲ್ಲಿದೆ! ಅದರ ಮೇಲೆ ಹುಕ್‌ನ ಬೆರಳಿನ ಗಿಟಾರು, ಮೇಲೆ ಸಮ್ನರನ ಬತ್ತಿದ ದನಿ. ಮಾತಾದರೂ ನೋಯಿಸಿದವರನ್ನು ಕುರಿತು ನೊಂದವನು ಆಡುವ ಮಾತು. ಯಂತ್ರವು ಕುಣಿಸುತ್ತದೆ, ಮನುಷ್ಯನು ಅಳುತ್ತಾನೆ, ಎರಡೂ ಒಂದೇ ಹಾಡಿನಲ್ಲಿ. ಗೆಳೆಯನನ್ನು ಕಳೆದುಕೊಂಡವರು ಕುಣಿಯುವ ಹಾಡು ಕಟ್ಟಿದರೆ ಅದು ಹೃದಯಶೂನ್ಯತೆ ಎನ್ನಬಹುದೇ? ಅಳುವನ್ನು ಹೊತ್ತುಕೊಂಡು ಮುಂದೆ ನಡೆಯುವ ಒಂದು ಬಗೆ ಅದು.

"ಅದು ಬಿಳಿಯರ ರೀತಿ. ನಮಗೆ ದುಃಖದಲ್ಲಿ ಕುಣಿಯುವುದು ತಿಳಿಯದು" ಎಂದು ಯಾರಾದರೂ ಹೇಳಿಯಾರು. ಅಂಥವರು ಮೊಹರಂ ತಿಂಗಳಲ್ಲಿ ನಮ್ಮ ಹಳ್ಳಿಗಳಿಗೆ ಬರಬೇಕು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಹುಸೇನರು ಹುತಾತ್ಮರಾದ ವಾರ್ತೆಯನ್ನು ನಮ್ಮ ಜನ ಕನ್ನಡದಲ್ಲಿ ಹಾಡುತ್ತಾರೆ. ಅದಕ್ಕೆ ರಿವಾಯತ ಪದವೆನ್ನುತ್ತಾರೆ. ಹಾಡುವವರಲ್ಲಿ ಹಿಂದುಗಳೂ ಇರುತ್ತಾರೆ, ಮುಸಲ್ಮಾನರೂ ಇರುತ್ತಾರೆ. ಕೇಳಿದರೆ ಕಣ್ಣಲ್ಲಿ ನೀರು ಬರುವ ಆ ಪದಗಳನ್ನು ನಿಂತು ಹಾಡುವುದಿಲ್ಲ. ಗೆಜ್ಜೆ ಕಟ್ಟಿ, ಸುತ್ತು ಕಟ್ಟಿ, ಹೆಜ್ಜೆ ಹಾಕುತ್ತ ಹಾಡುತ್ತಾರೆ. ಅಲಾಯಿ ಕುಣಿಯ ಸುತ್ತ ಹಲಗಿಯ ಬಡಿತಕ್ಕೆ ಇಡೀ ಊರೇ ಕುಣಿಯುತ್ತದೆ. ಶಿಶುನಾಳ ಶರೀಫರೂ ಇಂತಹ ಮೊಹರಂ ಪದಗಳನ್ನು ಕಟ್ಟಿದವರೇ. ಇನ್ನು ಸಾವಿನ ಮನೆಯಲ್ಲಿ ರಾತ್ರಿಯಿಡೀ ನಡೆಯುವ ಭಜನೆಯನ್ನು ನೆನೆಯಿರಿ. ಕಡಕೋಳದ ಮಡಿವಾಳಪ್ಪನವರ ತತ್ವಪದವನ್ನು ಎತ್ತಿದಾಗ ಹೆಣದ ಮುಂದೆಯೇ ತಾಳಕ್ಕೆ ತಲೆದೂಗದವರು ಯಾರು? ಮದುವೆಗೂ ಮಣ್ಣಿಗೂ ಅದೇ ಹಲಗಿ. ಆದುದರಿಂದ, ಕುಣಿಯುವ ಹಾಡೆಂದರೆ ಹಗುರವಾದ ಹಾಡು ಎಂಬ ಎಣಿಕೆಯು ನಮ್ಮ ಸೀಮೆಯದಲ್ಲ. ಅದು ನಾವು ಪಟ್ಟಣದಿಂದ ಕಲಿತುಬಂದುದು. ಮ್ಯಾಂಚೆಸ್ಟರಿನ ಆ ನಾಲ್ವರು ಯಂತ್ರದಿಂದ ಮಾಡಿದುದನ್ನು ನಮ್ಮ ಮುತ್ಯಾಗಳು ಹಲಗಿಯಿಂದ ಎಂದೋ ಮಾಡಿದ್ದರು.

ಕನ್ನಡದಲ್ಲಿ ಈ ಹೊಸ ಬಗೆಯ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. 1987ರಲ್ಲಿ ಬಂದ 'ಪ್ರೇಮಲೋಕ' ಚಿತ್ರದ ಹಾಡುಗಳು ಆಗಿನ ತರುಣರನ್ನು ಹುಚ್ಚೆಬ್ಬಿಸಿದ ಸಂಗತಿಯನ್ನು ನಮ್ಮ ತಂದೆತಾಯಿಗಳ ತಲೆಮಾರಿನವರು ಇಂದಿಗೂ ಹೇಳುತ್ತಾರೆ. ಹಂಸಲೇಖರು ಹೊಸ ವಾದ್ಯಗಳ ಸದ್ದಿಗೆ ಪಟ್ಟಣದ ಹುಡುಗ ಹುಡುಗಿಯರ ಆಡುಮಾತನ್ನು ಜೋಡಿಸಿದರು. ಪದವನ್ನೂ ಸ್ವರವನ್ನೂ ಒಬ್ಬರೇ ಕಟ್ಟಿದುದರಿಂದ ಅವೆರಡಕ್ಕೂ ಮದುವೆ ಕೂಡಿತು. ಅನಂತರ ಮೈಸೂರಿನ ರಘು ದೀಕ್ಷಿತರು ತಮ್ಮ ಮೇಳದೊಂದಿಗೆ 2008ರಲ್ಲಿ ಹೊರತಂದ ಹಾಡುಗಳಲ್ಲಿ ಶರೀಫರ ಪದಗಳು ಗಿಟಾರು ಡ್ರಮ್ಮುಗಳ ಮೇಲೆ ಏರಿದವು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಅವರು ಇಂಗ್ಲೆಂಡಿನಲ್ಲಿಯೂ ಹಾಡಿದರು. 2010ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಅವರ ಕಾರ್ಯಕ್ರಮವಾಯಿತು. 1889ರಲ್ಲಿ ಐಕ್ಯರಾದ ಶರೀಫರ ಮಾತು ಮೈಸೂರಿನ ಗಿಟಾರನ್ನೇರಿ ಲಂಡನ್ನಿಗೆ ತಲಪಿದುದು ಸಣ್ಣ ಸಂಗತಿಯಲ್ಲ. ಇದು ಯಂತ್ರದ ತಾಳವೇ ಅಲ್ಲದಿರಬಹುದು, ರಾಕ್ ಎಂಬ ಬಗೆಯಿರಬಹುದು. ಆದರೆ ಹಳೆಯ ಪದವು ಹೊಸ ಸದ್ದನ್ನು ತಾಳಿಕೊಳ್ಳಬಲ್ಲುದೆಂಬುದು ಇದರಿಂದ ಸಿದ್ಧವಾಯಿತು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ನಾನು ಇಂದಿನ ಡಿಜೆಯ ವಕೀಲನೆಂದು ಗೆಳೆಯರು ಸಂತೋಷಪಡಬೇಕಾಗಿಲ್ಲ. ಹಿರಿಯರ ದೂರಿನಲ್ಲಿ ಎರಡು ಸತ್ಯಗಳಿವೆ.

ಒಂದನೆಯದು ಸದ್ದು. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಪೆಟ್ಟಿಗೆಗಳನ್ನೇರಿಸಿ ಮೆರವಣಿಗೆ ಹೊರಟರೆ ಮನೆಯ ತಗಡುಗಳು ಗಡಗಡಿಸುತ್ತವೆ, ತೊಟ್ಟಿಲ ಕೂಸು ಬೆಚ್ಚಿಬೀಳುತ್ತದೆ, ಎದೆಯ ರೋಗದವರು ಕದ ಮುಚ್ಚಿಕೊಂಡು ಕೂಡಬೇಕಾಗುತ್ತದೆ. ಭಾರತ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು. ರಾತ್ರಿ ಹತ್ತರಿಂದ ಬೆಳಗಿನ ಆರರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಹಚ್ಚಬಾರದು. ಹಬ್ಬಗಳಿಗಾಗಿ ವರ್ಷದಲ್ಲಿ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯ ವರೆಗೆ ಸಡಿಲಿಸುವ ಅಧಿಕಾರವು ರಾಜ್ಯ ಸರಕಾರಕ್ಕಿದೆ. ನಿಯಮವು ಕಾಗದದ ಮೇಲಿದೆ, ಪೆಟ್ಟಿಗೆಯು ಟ್ರ್ಯಾಕ್ಟರಿನ ಮೇಲಿದೆ. ಆದರೆ ಇದು ಸಂಗೀತದ ದೋಷವಲ್ಲ, ಗುಂಡಿ ತಿರುವುವವನ ದೋಷ. ಭಜನೆಯನ್ನೇ ಅಷ್ಟು ದೊಡ್ಡದಾಗಿ ಹಚ್ಚಿದರೂ ಕಿವಿ ಒಡೆಯುವುದು ಒಡೆಯುವುದೇ.

ಎರಡನೆಯದು ಮಾತು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದುದು. ನಾವು ಕುಣಿಯುವ ಹಾಡುಗಳಲ್ಲಿ ಏನಿದೆ ಎಂದು ಒಮ್ಮೆ ಕೂತು ಕೇಳಬೇಕು. ಹುಡುಗಿ ಕೈಕೊಟ್ಟಳೆಂಬ ಬೈಗಳು, ಹೆಂಡದ ಹೊಗಳಿಕೆ, ತಮ್ಮ ತಮ್ಮ ಜಾತಿ, ಗುಂಪುಗಳ ಜಂಬ. ಎಲ್ಲವೂ ಹೀಗೆಯೇ ಎಂದು ಹೇಳಲಾರೆ, ಬಹುಪಾಲು ಹೀಗಿದೆ. ನಮ್ಮ ಸಂಗಡ ಓದುವ ಸೋದರಿಯರು ಮೆರವಣಿಗೆ ಬಂದಾಗ ದಾರಿ ಬದಲಿಸುವುದೇಕೆ? ಸದ್ದಿಗೆ ಹೆದರಿಯೇ? ಅಲ್ಲ, ಆ ಮಾತಿಗೆ ನಾಚಿ. ಅರ್ಧ ಊರು ಕೇಳಲಾರದ ಹಾಡನ್ನು ಊರ ಹಾಡೆಂದು ಹೇಗೆ ಕರೆಯುವುದು?

ಆ ಹಾಡುಗಳಲ್ಲಿ ಇಲ್ಲದಿರುವುದು ಏನೆಂಬುದನ್ನೂ ನೋಡಬೇಕು. ನಮ್ಮ ಸೀಮೆಯು ಕಲ್ಲಿನ ಸೀಮೆ. ಶಹಾಬಾದ ಫರ್ಸಿ ಎಂದರೆ ದೂರದ ಊರುಗಳ ಮನೆಯಂಗಳಕ್ಕೂ ಪರಿಚಿತ. ವಾಡಿಯ ಸಿಮೆಂಟ್ ಕಾರ್ಖಾನೆಯ ಬೆಳಕು ರಾತ್ರಿ ನಮ್ಮ ಊರಿಗೆ ಕಾಣುತ್ತದೆ. ನನ್ನ ತಂದೆಯವರು ಫರ್ಸಿ ಗಣಿಯಲ್ಲಿ ಕಲ್ಲು ಎಬ್ಬಿಸಿ ನಮ್ಮನ್ನು ಸಾಕಿದವರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ವಾಡಿ ಜಂಕ್ಷನ್ನಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೋ ಮುಂಬಯಿಗೋ ದುಡಿಯಲು ಹೊರಟ ಕುಟುಂಬಗಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಗಣಿಯ ಬಿಸಿಲು, ಕಾರ್ಖಾನೆಯ ಪಾಳಿ, ರೈಲಿನ ಕಿಟಕಿಯಿಂದ ಕೈಬೀಸುವ ತಂಗಿ, ಕೆಲಸದ ಅರ್ಜಿ ಹಾಕಿ ಕಾಯುವ ಪದವೀಧರ, ಇವರಲ್ಲಿ ಒಬ್ಬರಾದರೂ ನಾವು ಕುಣಿಯುವ ಹಾಡುಗಳಲ್ಲಿ ಇದ್ದಾರೆಯೇ? ತಾಳವು ನಮ್ಮ ಕಾಲಿಗೆ ತಾಗುತ್ತದೆ, ಮಾತು ಮಾತ್ರ ನಮ್ಮ ಮನೆಗೆ ಬರುವುದಿಲ್ಲ.

ಈ ವಿಷಯದಲ್ಲಿ ನನ್ನ ಆಯಿ ಆಡಿದ ಮಾತೊಂದು ನನಗೆ ದೊಡ್ಡ ಪಾಠವಾಗಿದೆ. ಆಕೆ ಬೀಸುವ ಪದಗಳನ್ನು ಬಲ್ಲವಳು. ಈಗ ಹಾಡುವುದಿಲ್ಲ. ಯಾಕೆಂದು ಕೇಳಿದೆ. "ಕಲ್ಲ ತಿರುಗತಿದ್ರ ಪದ ತಾನೇ ಬರ್ತಿತ್ತಪ್ಪಾ. ಗಿರಣಿ ಬಂತು, ಕೈಗಿ ಕೆಲಸ ಹೋತು, ಬಾಯಿಗಿ ಪದ ಹೋತು" ಎಂದಳು. ವಾಚಕರು ಗಮನಿಸಬೇಕು. ಬೀಸುಕಲ್ಲೂ ಒಂದು ಯಂತ್ರವೇ. ಅದರ ತಿರುಗಣಿಯೇ ಪದಕ್ಕೆ ತಾಳ. ನಮ್ಮ ತಾಯಂದಿರು ತಮ್ಮ ಯಂತ್ರದ ಸದ್ದಿನ ಮೇಲೆ ತಮ್ಮ ಕಷ್ಟಸುಖವನ್ನು ಹಾಡಿದರು, ತವರನ್ನು ನೆನೆದರು, ಗಂಡನ ಮನೆಯನ್ನು ಅಳೆದು ನೋಡಿದರು. ಹಿಟ್ಟಿನ ಗಿರಣಿಯೂ 'ಟುಕು ಟುಕು' ಎಂದು ತಾಳ ಹಾಕುತ್ತಲೇ ಬಂದಿತು. ಆದರೆ ಆ ತಾಳಕ್ಕೆ ಯಾರೂ ಪದ ಕಟ್ಟಲಿಲ್ಲ. ಯಂತ್ರವು ಹಾಡನ್ನು ಕೊಂದಿತೆಂದು ನಾವು ಹೇಳುತ್ತೇವೆ. ಹೊಸ ಯಂತ್ರಕ್ಕೆ ಹೊಸ ಪದ ಕಟ್ಟದೆ ಸುಮ್ಮನಿದ್ದವರು ಯಾರು? ಆ ಮೌನದಲ್ಲಿ ಓದುಬರಹ ಬಲ್ಲವರ ಪಾಲು ಹೆಚ್ಚಿನದು. ಯಾಕೆಂದರೆ ಓದಿದವನು ಮೊದಲು ಬಿಡುವುದು ಮನೆಯ ಪದವನ್ನೇ. ನಾಲ್ಕು ಅಕ್ಷರ ಬಂದೊಡನೆ ಮೊಹರಂ ಪದ ಹಾಡಲು ನಾಚಿಕೆ, ಆಯಿಯ ಮಾತು ಆಡಲು ನಾಚಿಕೆ. ಅತ್ತ ಇಂಗ್ಲಿಷ್ ಹಾಡೂ ಪೂರ್ತಿ ತಿಳಿಯದು. ನಡುವೆ ನಿಂತವನ ಕಿವಿಗೆ ಯಾರು ಏನು ತುಂಬಿದರೂ ತುಂಬಿಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದುದೇನು? ಬರೀ ಟೀಕೆ ಮಾಡಿ ಕೂಡುವುದು ವಿದ್ಯಾರ್ಥಿಗೆ ತಕ್ಕುದಲ್ಲ. ನನಗೆ ಹೊಳೆದ ಮೂರು ಸೂಚನೆಗಳನ್ನು ಗುರುಗಳ ಮುಂದೆಯೂ ಗೆಳೆಯರ ಮುಂದೆಯೂ ವಿನಯದಿಂದ ಇಡುತ್ತೇನೆ.

ಮೊದಲನೆಯದಾಗಿ, ಮುಂದಿನ ಸಮ್ಮೇಲನದಲ್ಲಿ ಯಂತ್ರದ ತಾಳದ ಹಾಡನ್ನು ನಿಷೇಧಿಸಬಾರದು, ಆದರೆ ಒಂದು ಕರಾರು ಹಾಕಬೇಕು. ಪದವು ಹಾಡುವವರದೇ ಆಗಿರಬೇಕು, ಇಲ್ಲವೆ ನಮ್ಮ ಸೀಮೆಯ ಹಿರಿಯರದಾಗಿರಬೇಕು. ಯಾರೋ ಮಾಡಿಟ್ಟ ಹಾಡನ್ನು ಹಚ್ಚಿ ಕುಣಿಯುವುದಕ್ಕೆ ರಂಗವೇಕೆ? ತಾಳವನ್ನು ಕೂಡಿಸುವ ಸಾಧನವು ಈಗ ನಮ್ಮೆಲ್ಲರ ಮೊಬೈಲಿನಲ್ಲಿಯೇ ಉಂಟು. ಸಮ್ನರನಂತೆ ಬೆಸುಗೆ ಹಾಕುವ ಶ್ರಮವೂ ನಮಗಿಲ್ಲ. ಸಾಹಿತ್ಯ ಸಂಘದವರು ಕವಿತಾ ಸ್ಪರ್ಧೆಯ ಸಂಗಡ 'ಪದ ಕಟ್ಟುವ ಸ್ಪರ್ಧೆ'ಯನ್ನೂ ಇಟ್ಟರೆ, ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂಡುವ ಎಷ್ಟೋ ಮಂದಿ ಮುಂದೆ ಬಂದಾರು.

ಎರಡನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ರಜೆಯಲ್ಲಿ ತನ್ನೂರಿನ ಒಬ್ಬ ಹಿರಿಯರಿಂದ ಎರಡು ಪದಗಳನ್ನಾದರೂ ಬರೆದುಕೊಂಡು, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ತರಬೇಕು. ಹಾಡಿದವರ ಹೆಸರು, ಊರು, ಯಾರಿಂದ ಕಲಿತರೆಂಬುದು ಬರಹದಲ್ಲಿ ಇರಲೇಬೇಕು. ಮಡಿವಾಳಪ್ಪನವರ, ಚನ್ನೂರ ಜಲಾಲಸಾಹೇಬರ ತತ್ವಪದಗಳನ್ನು ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ಅದು ನಮ್ಮ ಭಾಗ್ಯ. ಆದರೆ ಪುಸ್ತಕದಲ್ಲಿ ಪದವಿದೆ, ಧಾಟಿಯಿಲ್ಲ. ಧಾಟಿಯು ಮುದುಕರ ಕೊರಳಿನಲ್ಲಿದೆ. ಕೊರಳು ಹೋದರೆ ಧಾಟಿ ಹೋಯಿತು. ಕನ್ನಡ ವಿಭಾಗವು ಇದನ್ನು ಕೈಗೆತ್ತಿಕೊಂಡರೆ ಐದಾರು ವರ್ಷಗಳಲ್ಲಿ ನಮ್ಮ ಕಾಲೇಜಿನಲ್ಲಿ ಬೇರೆಲ್ಲಿಯೂ ಸಿಗದ ಒಂದು ಭಂಡಾರವಾದೀತು. ಹೊಸ ತಾಳಕ್ಕೆ ಪದ ಬೇಕೆನ್ನುವವರಿಗೂ ಅದೇ ಬಾವಿ.

ಮೂರನೆಯದಾಗಿ, ಸದ್ದಿನ ವಿಷಯದಲ್ಲಿ ನಾವೇ ಮೇಲ್ಪಂಕ್ತಿ ಹಾಕಬೇಕು. ನಮ್ಮ ಮೆರವಣಿಗೆಯಲ್ಲಿ ಪಕ್ಕದವನ ಮಾತು ಕೇಳುವಷ್ಟು ಸದ್ದು ಇದ್ದರೆ ಸಾಕು. ಮಾತು ಚೆನ್ನಾಗಿದ್ದ ಹಾಡಿಗೆ ಅದು ಧಾರಾಳವಾಯಿತು. ಹೇಳುವ ಮಾತಿಲ್ಲದವನಿಗೆ ಮಾತ್ರ ದೊಡ್ಡ ಪೆಟ್ಟಿಗೆ ಬೇಕು.

ಈ ಸೂಚನೆಗಳಿಗೆ ಒಂದು ಅಡ್ಡಿ ಬರಬಹುದು. "ರಿವಾಯತವನ್ನೂ ತತ್ವಪದವನ್ನೂ ಯಂತ್ರಕ್ಕೆ ಏರಿಸಿದರೆ ಅವುಗಳ ಮರ್ಯಾದೆ ಕೆಡುವುದಿಲ್ಲವೇ?" ಎಂದು ಭಕ್ತರು ಕೇಳುವುದು ಸಹಜ. ಕೆಡಬಹುದು. ಭಜನೆಯ ಪದವನ್ನು ಮದ್ಯದ ಮೇಜಿನ ಮುಂದೆ ಹಚ್ಚಿದರೆ ಕೆಡುತ್ತದೆ. ಹಾಡಿದವರನ್ನು ಕೇಳದೆ ಅವರ ದನಿಯನ್ನು ಕತ್ತರಿಸಿ ಅಂಟಿಸಿದರೆ ಕೆಡುತ್ತದೆ. ಆದುದರಿಂದಲೇ ಹಿರಿಯರು ಈ ಕೆಲಸದಿಂದ ದೂರ ನಿಲ್ಲಬಾರದು. ಯಾವ ಪದ ಯಾವ ವೇಳೆಗೆ, ಯಾವುದು ಕುಣಿಯುವುದು, ಯಾವುದು ಕೂತು ಕೇಳುವುದು ಎಂಬ ವಿವೇಕವು ಅವರಲ್ಲಿದೆ. ಯಂತ್ರವನ್ನು ನಡೆಸುವ ಕೈಚಳಕವು ನಮ್ಮಲ್ಲಿದೆ. ಒಬ್ಬರು ಬಾಗಿಲು ಹಾಕಿಕೊಂಡರೆ ಇನ್ನೊಬ್ಬರು ಬೀದಿಯ ಪಾಲಾಗುತ್ತಾರೆ.

ಮ್ಯಾಂಚೆಸ್ಟರಿನ ಆ ಮೇಳವನ್ನು ನಾವು ಅನುಕರಿಸಬೇಕೆಂಬುದು ನನ್ನ ಮಾತಿನ ಅರ್ಥವಲ್ಲ. ಅವರ ಹಾಡು ಅವರ ಊರಿನದು, ಅವರ ಮಳೆಯದು, ಅವರ ಗೆಳೆಯನ ಸಾವಿನದು. ಅನುಕರಿಸಬೇಕಾದುದು ಅವರ ಧೈರ್ಯವನ್ನು. ಕೈಗೆ ಸಿಕ್ಕ ಯಂತ್ರಕ್ಕೆ ತಮ್ಮ ಮನಸ್ಸಿನ ಮಾತನ್ನು ಕಲಿಸಿದ ಧೈರ್ಯ ಅದು. ನಾವು ಈ ವರ್ಷ ಪದವಿಯನ್ನು ಪಡೆದು ಹೊರಗೆ ಹೋಗುವವರು. ಪದವಿ ಬಂದಿತೆಂದು ಪದವನ್ನು ಮರೆಯಬಾರದು. ಶಹಾಬಾದ ಕಲ್ಲಿನ ಮೇಲೆ ಇಂದಿಗೂ ಉಳಿಯ ಪೆಟ್ಟು ಬೀಳುತ್ತಿದೆ. ಅದಕ್ಕೆ ಕಲ್ಲು ಕತ್ತರಿಸುವ ಯಂತ್ರದ ಗರಗರ ಸದ್ದೂ ಬಂದು ಕೂಡಿದೆ. ಎರಡೂ ತಾಳಗಳೇ. ಅವುಗಳ ಮೇಲೆ ಕೂಡುವ ಮಾತನ್ನು ಕಟ್ಟುವವರು ಹೊರಗಿನಿಂದ ಬರಲಾರರು. ಆ ಧೂಳಿನಲ್ಲಿ ಬೆಳೆದು ಅಕ್ಷರ ಕಲಿತ ನಾವೇ ಕಟ್ಟಬೇಕು. ಅಂತಹ ಒಂದು ಹಾಡಾದರೂ ಮುಂದಿನ ವರ್ಷದ ರಂಗದ ಮೇಲೆ ಕೇಳಿಬರಲಿ. ಅದಕ್ಕೆ ಗುರುಗಳು ತಲೆದೂಗಲಿ, ಗೆಳೆಯರು ಕುಣಿಯಲಿ, ಸೋದರಿಯರು ದಾರಿ ಬದಲಿಸದೆ ನಿಂತು ಕೇಳಲಿ ಎಂಬುದೇ ನನ್ನ ಹಾರೈಕೆ.